ಗೇರ್ ಲಿವರ್‌ಗೆ ಗರಗಸ ಹಾಕುವ ಮೊದಲು
ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನೂ ನನ್ನ ಭಾವಮೈದುನನೂ ಸೇರಿ ಮನೆಯ ಶೆಡ್ಡಿನಲ್ಲಿ ಲೋಟಸ್ ಸೆವೆನ್ ಮಾದರಿಯ ಎರಡು ಸೀಟಿನ ತೆರೆದ ಕಾರು ಕಟ್ಟುತ್ತಿದ್ದೇವೆ. ಚಾಸಿ ಚದರ ಪೈಪಿನದು. ಎಂಜಿನ್, ಗೇರ್‌ಬಾಕ್ಸ್ ಎರಡೂ ಗುಜರಿಯಲ್ಲಿ ಸಿಕ್ಕ ಮಾರುತಿ ಜಿಪ್ಸಿ ಕಿಂಗ್‌ನದು. ಈಗ ಎರಡು ತೊಂದರೆ. ಒಂದು, ಗೇರ್ ಲಿವರ್ ತುಂಬ ಮುಂದೆ ಬಂದಿದೆ. 1, 3, 5ಕ್ಕೆ ತಳ್ಳಿದರೆ ನಾಬ್ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಎರಡು, ಲಿವರ್ ಲೊಡಲೊಡ ಅನ್ನುತ್ತದೆ. ಮುದ್ದೆ ತಿರುವಿದ ಹಾಗೆ ಸುತ್ತುತ್ತದೆ, ಯಾವ ಗೇರಿನಲ್ಲಿದೆ ಅಂತ ಕೈಗೆ ಗೊತ್ತಾಗುವುದಿಲ್ಲ. ತುಕ್ಕೂ ಹಿಡಿದಿದೆ. ವೆಲ್ಡಿಂಗ್ ಮಾಡುವವರು "ಕಟ್ ಮಾಡಿ ಬಗ್ಗಿಸಿ ಕೊಡ್ತೀನಿ ಬಿಡಿ ಸಾರ್" ಅನ್ನುತ್ತಿದ್ದಾರೆ. ಕೊಡಲೇ?
— ಓದುಗರು, ಬಸವೇಶ್ವರನಗರ

ಉತ್ತರ: ಈಗಲೇ ಕೊಡಬೇಡಿ. ನಿಮ್ಮ ಎರಡು ತೊಂದರೆಗೂ ಲಿವರ್ ಒಂದೇ ಆದರೂ ಕಾರಣ ಬೇರೆ ಬೇರೆ. ಮೊದಲು ಅಲುಗಾಟ ಸರಿಮಾಡಿ. ಅಲ್ಲಾಡುವ ಲಿವರ್ ಇಟ್ಟುಕೊಂಡು ನಾಬ್ ಎಲ್ಲಿರಬೇಕು ಅಂತ ಅಳತೆ ತೆಗೆದರೆ ಆ ಅಳತೆಗೆ ಅರ್ಥವೇ ಇರುವುದಿಲ್ಲ.

ಗೇರ್‌ಬಾಕ್ಸ್ ಆಯ್ಕೆ ಚೆನ್ನಾಗಿದೆ. ಜಿಪ್ಸಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆಯಾಗಿಯೇ ಇರುವುದರಿಂದ ಅದನ್ನು ಬಿಟ್ಟು ಗೇರ್‌ಬಾಕ್ಸ್ ಒಂದನ್ನೇ ಬಳಸಬಹುದು. ಲಿವರ್ ಕೂಡ ನೇರವಾಗಿ ಬಾಕ್ಸಿನ ಮೇಲೇ ಕೂರುತ್ತದೆ, ನಡುವೆ ಕೇಬಲ್ ಗೀಬಲ್ ಇಲ್ಲ. ಹಾಗಾಗಿ ಲೊಡಲೊಡ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಸುಲಭ.

ಬಿಚ್ಚುವ ಮೊದಲು ಲಿವರಿನ ಬುಡವನ್ನು ಬ್ರಷ್ಷಿಗೆ ಡೀಸೆಲ್ ಹಚ್ಚಿ ಚೆನ್ನಾಗಿ ತೊಳೆಯಿರಿ. ಗುಜರಿಯಿಂದ ಬಂದ ಬಾಕ್ಸಿನ ಮೇಲೆ ಮಣ್ಣು ಪದರ ಪದರವಾಗಿ ಕೂತಿರುತ್ತದೆ, ಅದೆಲ್ಲ ಒಳಗೆ ಬಿದ್ದರೆ ಬೇರಿಂಗಿಗೆ ಗಂಡಾಂತರ. ಗೇರ್ ನ್ಯೂಟ್ರಲ್‌ಗೆ ತನ್ನಿ. ಲಿವರಿನ ಬುಡ ಮುಚ್ಚುವ ರಬ್ಬರ್ ಬೂಟು ಮೇಲೆತ್ತಿ. ಕ್ಯಾಪನ್ನು ಕೆಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಸ್ಪ್ರಿಂಗಿನ ಜೊತೆ ಲಿವರ್ ಪೂರ್ತಿ ಕೈಗೆ ಬರುತ್ತದೆ. ಬಂದ ತಕ್ಷಣ ಆ ತೂತಿಗೆ ಶುಭ್ರವಾದ ಬನಿಯನ್ ಬಟ್ಟೆ ತುರುಕಿ. ನೂಲು ಬಿಡುವ ವೇಸ್ಟ್ ಬೇಡ.

ಈಗ ಲಿವರನ್ನು ಬೆಳಕಿಗೆ ಹಿಡಿಯಿರಿ. ನೋಡಬೇಕಾದ ಜಾಗ ಮೂರು. ನಡುವೆ ಇರುವ ಗುಂಡು, ಅದು ಕೂರುವ ಪ್ಲಾಸ್ಟಿಕ್ ಸೀಟು, ಕೆಳತುದಿ. ಹಳೆಯ ಬಾಕ್ಸಿನಲ್ಲಿ ಹೆಚ್ಚಾಗಿ ಕೈಕೊಡುವುದು ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿ ತಿಂದು ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಅರ್ಧ ಪುಡಿಯಾಗಿ ಗ್ರೀಸಿನಲ್ಲಿ ಬೆರೆತಿರುತ್ತದೆ. ಗುಂಡನ್ನು ವರ್ನಿಯರ್‌ನಲ್ಲಿ ಎರಡು ಕಡೆಯಿಂದ ಅಳೆಯಿರಿ: ಒಮ್ಮೆ ಹಿಂದೆ-ಮುಂದೆ, ಒಮ್ಮೆ ಅಡ್ಡ. ಎರಡೂ ಒಂದೇ ಬಂದರೆ ಗುಂಡು ಸರಿಯಿದೆ. ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಬೇರೆ ಲಿವರ್ ಹುಡುಕಿ. ಕೆಳತುದಿ ಸವೆದು ಚಪ್ಪಟೆಯಾಗಿದ್ದರೆ ವೆಲ್ಡ್ ತುಂಬಿಸಿ ಅರದಲ್ಲಿ ತಿದ್ದುವುದು ನಮ್ಮೂರಿನ ಹಳೇ ಪದ್ಧತಿ. ತಪ್ಪೇನಲ್ಲ, ಆದರೆ ಕಾವಿಗೆ ಅಲ್ಲಿನ ಲೋಹ ಮೆತ್ತಗಾಗಿ ಮತ್ತೆ ಬೇಗ ಸವೆಯುತ್ತದೆ. ಇನ್ನೊಂದು ಲಿವರ್ ಸಿಗುವುದಾದರೆ ಅದೇ ಒಳ್ಳೆಯದು. ಜೆ.ಸಿ. ರಸ್ತೆಯಲ್ಲಿ ಹೊಸ ಪ್ಲಾಸ್ಟಿಕ್ ಸೀಟು ಕೇಳಿ, ಕುಂಬಾರಗುಂಡಿಯಲ್ಲಿ ಹಳೇ ಲಿವರ್ ಕೇಳಿ. ಕೈಯಲ್ಲಿ ನಿಮ್ಮ ಹಳೆಯ ತುಂಡು ಇರಲಿ. ಬಾಯಲ್ಲಿ ಹೇಳಿದರೆ ಓಮ್ನಿಯದು ಕೊಟ್ಟು ಕಳಿಸಿಯಾರು.

ಹೊಸ ಸೀಟು ಸಿಗದೇ ಹೋದರೆ ಲೇತ್‌ನಲ್ಲಿ ಮಾಡಿಸಬಹುದು. ಪೀಣ್ಯದಲ್ಲಿ ಇಂಥ ಸಣ್ಣ ಕೆಲಸ ಹಿಡಿಯುವವರು ಇದ್ದಾರೆ. ಸಾಮಾನ್ಯವಾಗಿ ಅವರು ನೈಲಾನ್ ಹಾಕೋಣ ಅನ್ನುತ್ತಾರೆ. ನೈಲಾನ್ ತೇವ ಹೀರಿ ಸ್ವಲ್ಪ ಉಬ್ಬುತ್ತದೆ, ಬಿಗಿಯಾಗಿ ಕೂರಿಸಿದ ಸೀಟು ಮಳೆಗಾಲದಲ್ಲಿ ಗುಂಡನ್ನು ಹಿಡಿದುಕೊಳ್ಳಬಹುದು. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್ ಕೊಂಡುಕೊಡಿ, ಅದಕ್ಕೆ ಈ ಕಾಟ ಕಡಿಮೆ. ಹಿತ್ತಾಳೆಯದು ನೋಡಲು ಚೆಂದ, ಬಾಳಿಕೆಯೂ ಬರುತ್ತದೆ. ಆದರೆ ಗೇರ್‌ಬಾಕ್ಸಿನ ಸದ್ದು, ನಡುಕ ಎರಡನ್ನೂ ನಿಮ್ಮ ಅಂಗೈಗೆ ತಲುಪಿಸುತ್ತದೆ. ತೆರೆದ ಕಾರಿನಲ್ಲಿ ಸದ್ದಿಗೇನೂ ಬರವಿಲ್ಲ.

ಇನ್ನು ಜಾಗದ ವಿಚಾರ. ಇಲ್ಲೇ ಎಲ್ಲರೂ ಎಡವುವುದು, ಆದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ.

ಲಿವರ್ ಆ ಗುಂಡಿನ ಮೇಲೆ ತಿರುಗುತ್ತದೆ. ಉದಾಹರಣೆಗೆ ಗುಂಡಿನಿಂದ ಕೆಳತುದಿ 50 ಮಿ.ಮೀ., ಗುಂಡಿನಿಂದ ನಾಬ್ 250 ಮಿ.ಮೀ. ಅಂದುಕೊಳ್ಳಿ. ಕೆಳತುದಿ 10 ಮಿ.ಮೀ. ಸರಿಯಬೇಕಾದರೆ ನಾಬ್ 50 ಮಿ.ಮೀ. ಸರಿಯಬೇಕು. ಲಿವರ್ ಕತ್ತರಿಸಿ 150ಕ್ಕೆ ಇಳಿಸಿದರೆ ನಾಬ್ 30 ಮಿ.ಮೀ. ಸರಿದರೆ ಸಾಕು. ಕೇಳಲು ಖುಷಿ. ಆದರೆ ಕೈ ಹಾಕಬೇಕಾದ ಬಲ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. ಗಿಡ್ಡ ಲಿವರ್ ಹಾಕಿಸಿಕೊಂಡವರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಂದು ಸಂಜೆ ಕಳೆದರೆ ಮತ್ತೆ ಉದ್ದದ್ದೇ ಬೇಕು ಅನ್ನುತ್ತಾರೆ.

ಬಗ್ಗಿಸುವುದು ಇನ್ನೂ ಸೂಕ್ಷ್ಮ. ಇಲ್ಲಿ ಲೆಕ್ಕಕ್ಕೆ ಬರುವುದು ಬಗ್ಗಿದ ರಾಡಿನ ಉದ್ದ ಅಲ್ಲ, ಗುಂಡಿನಿಂದ ನಾಬ್‌ಗೆ ನೇರವಾಗಿ ದಾರ ಹಿಡಿದರೆ ಬರುವ ದೂರ. ಈಗ ನೆಟ್ಟಗಿನ 200 ಮಿ.ಮೀ. ಲಿವರ್ ಅಂದುಕೊಳ್ಳಿ. ನಾಬ್ ಅದೇ ಎತ್ತರದಲ್ಲಿದ್ದು 150 ಹಿಂದೆ ಬಂದರೆ ಆ ದೂರ 250 ಆಗುತ್ತದೆ. ಹಿಂದೆ-ಮುಂದಿನ ಓಟ ಕಾಲು ಭಾಗ ಜಾಸ್ತಿಯಾಗುತ್ತದೆ. ಅಡ್ಡ ಓಟ ಮಾತ್ರ ಮೊದಲಿನಷ್ಟೇ ಉಳಿಯುತ್ತದೆ, ಯಾಕೆಂದರೆ ಅದು ನಾಬಿನ ಎತ್ತರದ ಮೇಲೆ ನಿಂತಿದೆ. ಎತ್ತರ ತಗ್ಗಿಸಿದರೆ ಗೇರುಗಳ ಸಾಲು ಹತ್ತಿರ ಹತ್ತಿರ ಬರುತ್ತವೆ. ಆಗ 3 ಅಂತ ತಳ್ಳಿದ್ದು 5ಕ್ಕೋ 1ಕ್ಕೋ ಹೋಗುತ್ತದೆ. ಇನ್ನೊಂದು ವಿಷಯ. ಹಿಂದಕ್ಕೆ ವಾಲಿದ ನಾಬ್ ಮುಂದೆ ತಳ್ಳಿದಾಗ ಮೇಲೇರುತ್ತದೆ, ಎಳೆದಾಗ ಕೆಳಗಿಳಿಯುತ್ತದೆ. ಜಾಸ್ತಿ ವಾಲಿಸಿದರೆ ಗೇರ್ ಹಾಕುವುದು ಹೋಗಿ ಕೈಪಂಪು ಹೊಡೆಯುವುದೇ ಆಗುತ್ತದೆ. ನನ್ನ ಪ್ರಕಾರ ಎತ್ತರದ ಅರ್ಧಕ್ಕಿಂತ ಜಾಸ್ತಿ ಹಿಂದೆ ತರಬಾರದು. 200 ಎತ್ತರವಿದ್ದರೆ 100 ಹಿಂದೆ, ಅಷ್ಟೇ.

ಎಷ್ಟು ಹಿಂದೆ ಬೇಕು ಅಂತ ತಿಳಿಯಲು ಲಿವರ್ ಬಗ್ಗಿಸಬೇಕಾಗಿಲ್ಲ. ಕಾರಿನ ಸೀಟು ಬೋಲ್ಟ್ ಮಾಡಿ, ಶೂ ಹಾಕಿಕೊಂಡು, ಬೆಲ್ಟ್ ಕಟ್ಟಿಕೊಂಡು ಕೂತುಕೊಳ್ಳಿ. ಎಡಗೈ ಸ್ಟೇರಿಂಗ್ ಮೇಲಿರಲಿ. ಅಲ್ಲಿಂದ ಕೈ ಕೆಳಗೆ ಬಿಟ್ಟರೆ ಒಂದು ಗೇಣಿನೊಳಗೆ ನಾಬ್ ಸಿಗಬೇಕು, ಭುಜ ಸೀಟಿನಿಂದ ಏಳಬಾರದು. ಪ್ಲಂಬಿಂಗ್ ಪೈಪಿನ ಒಂದು ತುಂಡನ್ನು ಹೀಟ್ ಗನ್‌ನಲ್ಲಿ ಬಗ್ಗಿಸಿ ಲಿವರಿನ ಬುಡಕ್ಕೆ ಟೇಪ್ ಸುತ್ತಿ ಪರೀಕ್ಷೆ ಮಾಡಿ. ಐದೂ ಗೇರ್, ರಿವರ್ಸ್ ಎಲ್ಲ ಹಾಕಿ ನೋಡಿ. ರಿವರ್ಸ್ ನಿಮ್ಮ ಕಡೆಗೆ, ಹಿಂದಕ್ಕೆ ಬರುತ್ತದೆ. ಈ ಕಾರುಗಳು ಎಷ್ಟು ಇಕ್ಕಟ್ಟು ಅಂದರೆ ನಾಬ್ ಸೀದಾ ಎಡ ತೊಡೆಗೆ ಬಂದು ಗುದ್ದಬಹುದು. ನಿಮ್ಮಿಬ್ಬರಲ್ಲಿ ದಪ್ಪ ಯಾರೋ ಅವರೇ ಕೂತು ನೋಡುವುದು ಒಳ್ಳೆಯದು. ಭಾವಮೈದುನ ಬೇಜಾರು ಮಾಡಿಕೊಂಡರೆ ನಾನು ಹೇಳಿದೆ ಅನ್ನಿ.

100 ಮಿ.ಮೀ. ಒಳಗೆ ಕೆಲಸ ಮುಗಿದರೆ ವೆಲ್ಡಿಂಗ್‌ನವರಿಗೆ ಕೊಡಿ, ಆದರೆ ಲಿವರ್ ಬಿಚ್ಚಿಕೊಂಡು ಹೋಗಿ ಕೊಡಿ. ಗಾಡಿಯ ಮೇಲಿರುವಾಗಲೇ ವೆಲ್ಡ್ ಮಾಡಿದರೆ ಕರೆಂಟು ಗೇರ್‌ಬಾಕ್ಸಿನ ಬೇರಿಂಗ್ ಮೂಲಕ ಹರಿದು ಅದನ್ನು ಸುಡುತ್ತದೆ. ಪ್ಲಾಸ್ಟಿಕ್, ರಬ್ಬರ್ ಎಲ್ಲ ತೆಗೆದಿರಲಿ, ಗುಂಡಿಗೆ ಒದ್ದೆ ಬಟ್ಟೆ ಸುತ್ತಿರಲಿ. ಕ್ರೋಮ್ ಅಥವಾ ಸತುವಿನ ಲೇಪ ಇದ್ದರೆ ಆ ಜಾಗ ಮೊದಲು ಗ್ರೈಂಡ್ ಮಾಡಿಸಿ, ಅದರ ಹೊಗೆ ವಿಷ. ತುಂಡು ಸೇರಿಸುವುದಾದರೆ ತುದಿಗೆ ತುದಿ ಅಂಟಿಸಬೇಡಿ. ಒಳಗೆ ಒಂದು ಪಿನ್ ಹಾಕಿ, ಅಂಚು ಇಳಿಜಾರಾಗಿ ಕೆರೆದು, ಸುತ್ತ ತುಂಬಿಸಲಿ. ಓಡುವಾಗ ಕೈಗೆ ಕಿತ್ತು ಬಂದರೆ ಕಷ್ಟ.

ಇನ್ನೂ ಹಿಂದೆ ಬೇಕಾದರೆ ಬಗ್ಗಿಸುವುದು ಬಿಡಿ. ಸೀಟಿನ ಪಕ್ಕಕ್ಕೆ ಇನ್ನೊಂದು ಲಿವರ್ ಹಾಕಿ, ಹಳೆಯ ಲಿವರಿನ ಮೋಟಿಗೆ ರಾಡಿನಿಂದ ಜೋಡಿಸಬೇಕು. ಇದರಲ್ಲಿ ಮೂರು ಹಳ್ಳ ಇವೆ. ಹೊಸ ಲಿವರ್ ತಿರುಗುವ ಬಿಂದುವಿಗಿಂತ, ಅಂದರೆ ಪಿವಟ್‌ಗಿಂತ ಕೆಳಗೆ ರಾಡ್ ಸಿಕ್ಕಿಸಿದರೆ ಗೇರ್ ನಕ್ಷೆ ಪೂರ್ತಿ ತಿರುವುಮುರುವಾಗುತ್ತದೆ: ಮುಂದೆ ತಳ್ಳಿದರೆ 2, ಎಳೆದರೆ 1. ಪಿವಟ್ ಬುಡದಲ್ಲಿರಲಿ, ರಾಡ್ ಅದರ ಮೇಲೆ ಹಿಡಿಯಲಿ. ಎರಡನೆಯದು, ರಾಡಿನ ಎರಡೂ ತುದಿಗೆ ರೋಸ್ ಜಾಯಿಂಟ್ (ಎಲ್ಲ ಕಡೆ ಹೊರಳುವ ಗುಂಡಿನ ಕೀಲು) ಹಾಕಿದರೆ ಹಿಂದೆ-ಮುಂದೆ ಮಾತ್ರ ಕೆಲಸ ಮಾಡುತ್ತದೆ, ಅಡ್ಡ ವಾಲಿಸಿದ್ದು ಆ ಕಡೆ ತಲುಪುವುದೇ ಇಲ್ಲ. ಕವೆ ಮತ್ತು ಅಡ್ಡ ಪಿನ್ ಇರುವ ಜೋಡಣೆ ಬೇಕು, ಆಗ ಅಡ್ಡ ವಾಲಿಸಿದರೆ ರಾಡೇ ಹೊರಳಿ ಮೋಟನ್ನೂ ವಾಲಿಸುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೊಸ ಲಿವರಿನ ಬ್ರಾಕೆಟನ್ನು ಚಾಸಿಗೆ ಬೋಲ್ಟ್ ಮಾಡಬೇಡಿ, ಗೇರ್‌ಬಾಕ್ಸಿಗೇ ಮಾಡಿ. ಎಂಜಿನ್ ರಬ್ಬರಿನ ಮೇಲೆ ಕೂತಿದೆ, ಆಕ್ಸಿಲರೇಟರ್ ಒತ್ತಿದಾಗ ತೊನೆಯುತ್ತದೆ. ಚಾಸಿಗೆ ಹಿಡಿಸಿದರೆ ಅದು ತೊನೆದಾಗಲೆಲ್ಲ ರಾಡ್ ಎಳೆದು ಗೇರ್ ಬಿಟ್ಟುಬಿಡುತ್ತದೆ.

ಇದೇ ಕಾರಣಕ್ಕೆ ಸೀಟುಗಳ ನಡುವೆ ಗೇರ್‌ಬಾಕ್ಸ್ ಮುಚ್ಚುವ ಟನೆಲ್‌ನಲ್ಲಿ ಕೊಯ್ಯುವ ಕಿಂಡಿ ಉದಾರವಾಗಿರಲಿ. ಆರೂ ಸ್ಥಾನದಲ್ಲಿ ಲಿವರಿನ ಸುತ್ತ ಬೆರಳು ದಪ್ಪ ಜಾಗ ಉಳಿಯಬೇಕು. "2ನೇ ಗೇರ್ ಹಾರುತ್ತದೆ, ಗೇರ್‌ಬಾಕ್ಸ್ ಹೋಗಿದೆ" ಅಂತ ಬಾಕ್ಸ್ ಬಿಚ್ಚುವ ಮೊದಲು ಲಿವರ್ ಎಲ್ಲಾದರೂ ತಗಡಿಗೆ ತಾಗುತ್ತಿದೆಯೇ ನೋಡಬೇಕು.

ತುಕ್ಕು ದೊಡ್ಡ ವಿಷಯವಲ್ಲ. ಎಮ್ರಿ ಪೇಪರ್ 120, 220, ಆಮೇಲೆ ಪ್ರೈಮರ್, ಪೇಂಟ್. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಗುಂಡು, ಕೆಳತುದಿ, ನಾಬ್ ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಮೂರನ್ನೂ ಮುಚ್ಚಿ ಕೊಡಿ. ಬೂಟಿಗೆ ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಯಲ್ಲಿ ರೆಕ್ಸಿನ್ ಹೊಲಿಸಿ, 1 ಮತ್ತು ರಿವರ್ಸ್ ಎರಡರಲ್ಲೂ ಇಟ್ಟು ಅಳತೆ ಕೊಡಿ. ಬಿಗಿಯಾದ ಬೂಟು ಕೂಡ ಗೇರ್ ಎಳೆಯುತ್ತದೆ. ಅದರಡಿಯ ರಬ್ಬರ್ ಬೂಟನ್ನು ಮಾತ್ರ ಬಿಸಾಡಬೇಡಿ. ತೆರೆದ ಕಾರಿನಲ್ಲಿ ಮಳೆನೀರು ಗೇರ್‌ಬಾಕ್ಸಿಗೆ ಇಳಿಯದಂತೆ ತಡೆಯುವುದು ಅದೇ.

ಪ್ರಶ್ನೆ: ಹೀಗೆ ಮನೆಯಲ್ಲೇ ಕಟ್ಟಿದ ಕಾರನ್ನು ಬೆಂಗಳೂರಿನ ರಸ್ತೆಯಲ್ಲಿ ಓಡಿಸಬಹುದೇ? ಹಳೇ ಜಿಪ್ಸಿಯ ಆರ್‌ಸಿ ನಮ್ಮಲ್ಲಿದೆ.
— ಓದುಗರು, ಯಲಹಂಕ

ಉತ್ತರ: ಆ ಆರ್‌ಸಿ ಇಟ್ಟುಕೊಂಡು ಓಡಿಸಲಾಗದು. ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ಜಾಗಕ್ಕೆ ಬರುವಂತಿಲ್ಲ. ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು 52ನೇ ಸೆಕ್ಷನ್ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಚಾಸಿಯೇ ಬೇರೆಯಾದ ಮೇಲೆ ಅದು ಜಿಪ್ಸಿ ಅಲ್ಲವೇ ಅಲ್ಲ. ಬ್ರಿಟನ್ನಿನಲ್ಲಿ ಒಂದೊಂದೇ ಕಾರನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಐವಿಎ ಅನ್ನುವ ವ್ಯವಸ್ಥೆ ಇದೆ, ಅದಕ್ಕೇ ಅಲ್ಲಿ ಇಂಥ ಕಾರುಗಳು ರಸ್ತೆಯಲ್ಲಿ ಕಾಣುತ್ತವೆ. ನಮ್ಮಲ್ಲಿ ಮಾದರಿ ಪರೀಕ್ಷೆಯ ನಿಯಮ ಇರುವುದು ಕಾರ್ಖಾನೆಗಳನ್ನು ನೋಡಿಕೊಂಡು. ಓಡಿಸಲು ಉಳಿಯುವುದು ಸ್ವಂತ ತೋಟ, ಇಲ್ಲವೇ ಅನುಮತಿ ಸಿಕ್ಕಿದರೆ ಕೊಯಮತ್ತೂರಿನ ಕಾರಿ ಟ್ರ್ಯಾಕಿನಂಥ ಜಾಗ. ಅಲ್ಲಿಗೂ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು.

ಪ್ರಶ್ನೆ: ಚನ್ನಪಟ್ಟಣದಲ್ಲಿ ಬಣ್ಣದ ಮರದ ಗೇರ್ ನಾಬ್ ಮಾಡಿಸುವ ಆಸೆ. ಬಾಳಿಕೆ ಬರುತ್ತದೆಯೇ?
— ಓದುಗರು, ಮಲ್ಲೇಶ್ವರ

ಉತ್ತರ: ಮರ ಬಾಳುತ್ತದೆ, ಬಣ್ಣದ ಬಗ್ಗೆ ಸ್ವಲ್ಪ ಅನುಮಾನ. ಅಲ್ಲಿನ ಬಣ್ಣ ಅರಗಿನದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಉಜ್ಜಿದ ಬಿಸಿಯಲ್ಲೇ ಕರಗಿಸಿ ಹಚ್ಚುತ್ತಾರೆ. ಬಿಸಿಗೆ ಹತ್ತಿದ್ದು ಬಿಸಿಗೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಾದರೆ ನಾಬ್ ಕೈಗೆ ಅಂಟಬಹುದು. ನೆರಳಿನಲ್ಲಿ ನಿಲ್ಲಿಸುವವರಾದರೆ ಧಾರಾಳವಾಗಿ ಮಾಡಿಸಿ. ಇಲ್ಲವಾದರೆ ಆಕಾರ ಅಲ್ಲೇ ಕಡೆಸಿ, ಬಣ್ಣದ ಬದಲು ಎಣ್ಣೆ ಹಚ್ಚಿ. ಅಲ್ಲಿ ಬಳಸುವ ಹಾಲೆ ಮರ ಹಗುರ. ಬೀಟೆಯ ತುಂಡು ಸಿಕ್ಕರೆ ಇನ್ನೂ ಚೆನ್ನ, ನಾಬ್ ತೂಕವಿದ್ದಷ್ಟೂ ಗೇರ್ ಸಲೀಸಾಗಿ ಬೀಳುತ್ತದೆ.

ಮರಕ್ಕೇ ನೇರವಾಗಿ ಮರೆ ಕೊರೆಸಬೇಡಿ, ಕೆಲವೇ ದಿನಕ್ಕೆ ಸಡಿಲವಾಗುತ್ತದೆ. ನಿಮ್ಮ ಲಿವರಿನ ಮರೆಯನ್ನು ಗೇಜಿನಲ್ಲಿ ಅಳೆದು ಅದಕ್ಕೆ ಸರಿಯಾದ ಹಿತ್ತಾಳೆ ಬುಷ್ ಮಾಡಿಸಿ, ಹೊರಮೈ ಒರಟು ಮಾಡಿ ಎಪಾಕ್ಸಿಯಲ್ಲಿ ಕೂರಿಸಿ. ತಲೆಯ ಮೇಲೆ ಗೇರ್ ನಕ್ಷೆ ಕೆತ್ತಿಸುವುದಿದ್ದರೆ ಬುಷ್ ಕೂತ ಮೇಲೆ ನಾಬನ್ನು ಲಿವರಿಗೆ ಪೂರ್ತಿ ಬಿಗಿ ಮಾಡಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಆಮೇಲೆ ಕೆತ್ತಿಸಿ. ಮೊದಲೇ ಕೆತ್ತಿಸಿದರೆ ಬಿಗಿ ಮಾಡಿದಾಗ 1ನೇ ಗೇರ್ ಪ್ಯಾಸೆಂಜರ್ ಸೀಟಿನ ಕಡೆ ಮುಖ ಮಾಡಿ ನಿಲ್ಲುತ್ತದೆ.