ಒಳ್ಳೆ ಪೆನ್ನು ಇಟ್ಟುಕೊಂಡವರೆಲ್ಲ ಕುಡುಮಿಗಳಾ?

ಇಂಕ್ ಪೆನ್ನು ತಗೊಂಡಿದ್ದಕ್ಕೆ ರೂಮಿನವರು ‘ಕುಡುಮಿ’ ಅಂತ ರೇಗಿಸುತ್ತಾರೆ, ಅಷ್ಟಕ್ಕೂ ಒಳ್ಳೆ ಪೆನ್ನಿನಲ್ಲಿ ಅಂಥದ್ದೇನಿದೆ ಎಂದು ಕೇಳಿದ್ದೀರಿ.

ಪೆನ್ನಿಗೂ ಓದಿಗೂ ಸಂಬಂಧವಿಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ. ದಾವಣಗೆರೆಯಲ್ಲಿ ಡಿಪ್ಲೊಮಾ ಮಾಡುವಾಗ ನನ್ನ ಹತ್ತಿರ ನಾಲ್ಕು ಇಂಕ್ ಪೆನ್ನು ಇದ್ದವು, ಮೂರು ಸಬ್ಜೆಕ್ಟ್ ಬಾಕಿಯೂ ಇದ್ದವು. ಕ್ಲಾಸಿಗೆ ಫಸ್ಟ್ ಬರುತ್ತಿದ್ದವನು ಪರೀಕ್ಷೆ ದಿನವೂ ಪೆನ್ನು ಮರೆತು ನನ್ನನ್ನೇ ಕೇಳುತ್ತಿದ್ದ. ಬಾಲ್ ಪೆನ್ನು ಕೊಡುತ್ತಿದ್ದೆ. ಇಂಕ್ ಪೆನ್ನು ಮಾತ್ರ ಇಲ್ಲ. ಒತ್ತಿ ಬರೆಯುವ ಕೈಗೆ ಸಿಕ್ಕರೆ ನಿಬ್ಬು ಬಾಯಿ ಬಿಟ್ಟುಬಿಡುತ್ತದೆ.

ಈ ಹುಚ್ಚು ಬಂದಿದ್ದು ಅಪ್ಪನಿಂದ. ಮಂಡಿಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಓದಿದ್ದು ಏಳನೇ ಕ್ಲಾಸು, ಜೇಬಿನಲ್ಲಿ ಚೀನಾದ ಹೀರೋ ಪೆನ್ನು. ನಮ್ಮ ಕಡೆ ಜೇಬಿಗೆ ಪೆನ್ನು ಸಿಕ್ಕಿಸಿದವರನ್ನು ಯಾರೂ ಕುಡುಮಿ ಅನ್ನುತ್ತಿರಲಿಲ್ಲ, ಲೆಕ್ಕ ಬರೆಯೋರು ಅನ್ನುತ್ತಿದ್ದರು. ಬೆಳಿಗ್ಗೆಯಿಂದ ರಾತ್ರಿವರೆಗೆ ಕಿರ್ದಿ, ಖಾತೆ ಬರೆಯುವವರಿಗೆ ಒಳ್ಳೆ ಪೆನ್ನು ಶೋಕಿ ಅಲ್ಲ, ಬೆರಳು ಉಳಿಸಿಕೊಳ್ಳುವ ದಾರಿ.

ಯಾಕೆ ಅಂದರೆ, ಬಾಲ್ ಪೆನ್ನಿನ ಇಂಕು ಎಣ್ಣೆಯಂಥ ಮಂದ ಇಂಕು. ತುದಿಯ ಗುಂಡು ಉರುಳಬೇಕಾದರೆ ಒತ್ತಲೇಬೇಕು. ಇಂಕ್ ಪೆನ್ನಿನ ಶಾಯಿ ನೀರು ನೀರು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ನಿಬ್ಬಿನ ಸೀಳು ಶಾಯಿಯನ್ನು ಎಳೆದುಕೊಳ್ಳುತ್ತದೆ. ಕಾಗದಕ್ಕೆ ಸುಮ್ನೆ ತಾಗಿಸಿದರೂ ಅಕ್ಷರ ಮೂಡುತ್ತದೆ. ಹತ್ತು ಪುಟ ಬರೆದ ಮೇಲೆ ಹೆಬ್ಬೆರಳು ಹೇಳುತ್ತದೆ, ಯಾವುದು ಒಳ್ಳೆಯದು ಅಂತ.

ಜೇಬು ತುಂಬ ಪೆನ್ನು ಇದ್ದವನನ್ನು ಆಡಿಕೊಳ್ಳುವ ಚಾಳಿ ಅಮೆರಿಕದ್ದು. ಅಲ್ಲಿ ಹರ್ಲಿ ಸ್ಮಿತ್ ಎಂಬ ಎಂಜಿನಿಯರ್ ಅಂಗಿಗೆ ಕಲೆಯಾಗದಿರಲಿ ಅಂತ ಜೇಬಿನೊಳಗೆ ಇಡುವ ಪ್ಲಾಸ್ಟಿಕ್ ಚೀಲ ಮಾಡಿ 1947ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಆ ಚೀಲವೇ ಕುಡುಮಿಯ ಗುರುತಾಯಿತು. ನಗುವವರು ನಗಲಿ, ನನಗೂ ಅದು ಬೇಕಿತ್ತು. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದ ಬಸ್ಸು ಹತ್ತಿದ್ದೆ, ಇಳಿಯುವಾಗ ಬಿಳಿ ಅಂಗಿಯ ಎದೆ ನೀಲಿ. ಪೆನ್ನಿನಲ್ಲಿ ಅರ್ಧವೇ ಶಾಯಿ ಇತ್ತು. ಉಳಿದ ಜಾಗದ ಗಾಳಿ ಕಾದು ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳಿತ್ತು. ಪ್ರಯಾಣಕ್ಕೆ ಹೊರಟರೆ ಪೂರ್ತಿ ತುಂಬಿಸಿ, ನಿಬ್ಬು ಮೇಲಿರಲಿ.

ದುಬಾರಿ ಪೆನ್ನೇ ಬೇಕಂತಿಲ್ಲ. ಶುರುವಿಗೆ ಕ್ಯಾಮ್ಲಿನ್ ಸಾಕು. ಕೈ ಕುದುರಿದ ಮೇಲೆ ಲ್ಯಾಮಿ ಸಫಾರಿ ನೋಡಿ. ಜರ್ಮನಿಯವರು 1980ರಲ್ಲಿ ಶಾಲೆ ಮಕ್ಕಳಿಗೆ ಅಂತಲೇ ಮಾಡಿದ ಪೆನ್ನು ಅದು, ಬೆರಳು ಕೂರುವ ಕಡೆ ತಗ್ಗು ಕೊಟ್ಟಿದ್ದಾರೆ. ಪೆನ್ನಿಗಿಂತ ಜಾಸ್ತಿ ಕಾಗದ ನೋಡಿ ತಗೊಳ್ಳಿ, ತೆಳು ನೋಟ್‌ಬುಕ್ಕಿನಲ್ಲಿ ಎಂಥ ಶಾಯಿಯೂ ಹರಡಿ ಹಿಂದಕ್ಕೆ ಮೂಡುತ್ತದೆ.

ಇನ್ನೊಂದು, ನೀವು ನಮ್ಮೂರಿಗೆ ಬಂದರೆ: ಬೆಣ್ಣೆ ದೋಸೆ ತಿಂದ ಕೈ ತೊಳೆಯದೆ ನೋಟ್ಸ್ ಮುಟ್ಟಬೇಡಿ. ಜಿಡ್ಡು ತಾಗಿದ ಕಡೆ ನೀರಿನ ಶಾಯಿ ಹತ್ತುವುದಿಲ್ಲ. ನನ್ನ ಸರ್ವೆ ನೋಟ್ಸಿನಲ್ಲಿ ಹೆಬ್ಬೆರಳಗಲದ ಖಾಲಿ ಜಾಗ ಇನ್ನೂ ಇದೆ. ಅಲ್ಲಿ ಯಾವ ಸೂತ್ರ ಇರಬೇಕಿತ್ತು ಅಂತ ಪರೀಕ್ಷೆಯಲ್ಲೂ ಗೊತ್ತಾಗಲಿಲ್ಲ.