ಅಚ್ಚುಕೂಟದ ಅಂಚೆ: ಬದಿಯಡ್ಕದಲ್ಲಿ ಕನ್ನಡ, ಮಂಗಳೂರಿನಲ್ಲಿ ಕಲಸುಮೇಲೋಗರ

ಪ್ರಶ್ನೆ: ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ನುಡಿ ಫಾಂಟ್ ಹಾಕಿ ಸಿದ್ಧಪಡಿಸಿದೆ. ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ಕರಡು ಚೊಕ್ಕವಾಗಿ ಬಂತು. ಅದೇ ಫೈಲನ್ನು ಮಂಗಳೂರಿನ ಆಫ್‌ಸೆಟ್ ಪ್ರೆಸ್ಸಿಗೆ ಕಳುಹಿಸಿದರೆ ತಂತ್ರಿಗಳ ಹೆಸರಿದ್ದಲ್ಲಿ ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆಯಂತೆ. ಹೊಸ ಯುನಿಕೋಡ್ ಫಾಂಟ್ ಪೇಜ್‌ಮೇಕರ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳನ್ನು ತೋರಿಸುತ್ತದೆ. ಫಾಂಟನ್ನು ಪ್ರಿಂಟರಿಗೂ ಹಾಕಬೇಕೇ?
— ಓದುಗರು, ಬದಿಯಡ್ಕ

ಉತ್ತರ: ಪ್ರಿಂಟರಿನ ಗೊಡವೆಗೆ ಹೋಗಬೇಡಿ, ಅದು ನಿರಪರಾಧಿ. 1985ರಲ್ಲಿ ಬಂದ ಆಪಲ್ ಲೇಸರ್‌ರೈಟರ್ ಪ್ರಿಂಟರಿನೊಳಗೆ ಟೈಮ್ಸ್, ಹೆಲ್ವೆಟಿಕಾ, ಕೊರಿಯರ್, ಸಿಂಬಲ್ ಎಂಬ ನಾಲ್ಕೇ ಫಾಂಟ್ ಕುಟುಂಬಗಳಿದ್ದವು. ಉಳಿದದ್ದೆಲ್ಲ ಕಂಪ್ಯೂಟರಿನಿಂದಲೇ ಹೋಗಬೇಕಿತ್ತು. ಕನ್ನಡದ ಮಟ್ಟಿಗೆ ಈಗಲೂ ಹಾಗೆಯೇ: ಮುದ್ರಣದ ಹೊತ್ತಿಗೆ ವಿಂಡೋಸ್ ತಾನೇ ಅಕ್ಷರಗಳ ಆಕಾರವನ್ನು ಪ್ರಿಂಟರಿಗೆ ಕೊಡುತ್ತದೆ. ನಿಮ್ಮ ಕರಡು ಸರಿಬಂದದ್ದು ನಿಮ್ಮ ಕಂಪ್ಯೂಟರಿನಲ್ಲಿ ನುಡಿ ಇದ್ದುದರಿಂದ.

ಪ್ರೆಸ್ಸಿನಲ್ಲಿ ಅದು ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿವೆ. ಫಾಂಟ್ ಸಿಗದಿದ್ದರೆ ಅಡಿಯಲ್ಲಿರುವ ಇಂಗ್ಲಿಷ್ ಮೇಲೆದ್ದು ಬರುತ್ತದೆ. ನಾನು ಕಾಸರಗೋಡಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ಈ ಕೆಲಸ ಕಲಿತವನು. ಆಗ ಮೊಳೆ ಇಲ್ಲದಿದ್ದರೆ ಖಾನೆ ಖಾಲಿ ಇರುವುದು ಕಣ್ಣಿಗೆ ಕಾಣುತ್ತಿತ್ತು. ಕಂಪ್ಯೂಟರೋ, ಯಾರನ್ನೋ ಬದಲಿಗೆ ಕೂರಿಸಿ ಏನೂ ಆಗದಂತೆ ಮುಂದುವರಿಯುತ್ತದೆ.

ಹಾಗಾಗಿ ಪೇಜ್‌ಮೇಕರ್ ಫೈಲನ್ನು ಯಾರಿಗೂ ಕಳುಹಿಸಬೇಡಿ. ಫಾಂಟ್ ಒಳಗೇ ಸೇರಿರುವ ಪಿಡಿಎಫ್ ಕಳುಹಿಸಿ. ಕಳುಹಿಸುವ ಮೊದಲು ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ, ‘ಫಾಂಟ್ಸ್’ ಪುಟಕ್ಕೆ ಹೋಗಿ. ಪ್ರತಿ ಹೆಸರಿನ ಪಕ್ಕದಲ್ಲಿ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಒಂದು ಹೆಸರಿನ ಮುಂದೆ ಆ ಮಾತು ಇಲ್ಲದಿದ್ದರೂ ಪಿಡಿಎಫನ್ನು ಮತ್ತೆ ಮಾಡಿ. ಪಿಡಿಎಫ್ ಸರಿಯಿದ್ದೂ ಅಂಗಡಿಯ ಪ್ರಿಂಟರ್ ಹಟ ಹಿಡಿದರೆ, ರೀಡರಿನ ಮುದ್ರಣ ಆಯ್ಕೆಗಳಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಇದೆ. ನಿಧಾನವಾಗುತ್ತದೆ, ಆದರೆ ಕೆಲಸವಾಗುತ್ತದೆ.

ಇನ್ನು ಯುನಿಕೋಡ್, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತಸ್ಥಾನ ಕೊಡುವ ಪದ್ಧತಿ. ಪೇಜ್‌ಮೇಕರ್‌ಗೆ ಅದು ತಿಳಿಯದು, ಎಷ್ಟು ಫಾಂಟ್ ಇಳಿಸಿಕೊಂಡರೂ ವ್ಯರ್ಥ. ಇನ್‌ಡಿಸೈನ್ ಎಂಬ ಹೊಸ ಪುಟವಿನ್ಯಾಸ ತಂತ್ರಾಂಶಕ್ಕೆ ಹೋದರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಲೇಬೇಕು. ಇಲ್ಲವಾದರೆ ‘ಬ್ರಹ್ಮ’ದ ಒತ್ತುಗಳು ಕೆಳಗಿಳಿಯದೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆಮಂತ್ರಣದ ತಲೆಬರಹಕ್ಕೆ ಬಾಲೂ ತಮ್ಮ, ಒಡಲಿಗೆ ನೋಟೋ ಸೆರಿಫ್ ಕನ್ನಡ ಸಾಕು. ಎರಡೂ ಮುಕ್ತ ಪರವಾನಗಿಯವು, ಪಿಡಿಎಫ್‌ನಲ್ಲಿ ಸೇರಿಸಲು ಅಡ್ಡಿಯಿಲ್ಲ. ಒಂದೇ ಪುಟದಲ್ಲಿ ಏಳು ಫಾಂಟ್ ಸುರಿಯುವ ಚಟ ನಮ್ಮ ಕಡೆ ಹೆಚ್ಚು. ಸಮಿತಿಯವರು ಕೇಳಿದರೂ ಒಪ್ಪಬೇಡಿ.

ಪ್ರಶ್ನೆ: ಮದುವೆ ಕಾಗದದಲ್ಲಿ ಕನ್ನಡ, ಮಲಯಾಳಂ ಎರಡನ್ನೂ ಅಕ್ಕಪಕ್ಕ ಹಾಕಿದರೆ ಕನ್ನಡದ ಸಾಲುಗಳು ಒಂದಕ್ಕೊಂದು ತಾಗುತ್ತವೆ. ಫಾಂಟಿನ ದೋಷವೇ?
— ಓದುಗರು, ಉಪ್ಪಳ

ಉತ್ತರ: ಸಾಲಿನ ಅಂತರದ್ದು. ತಂತ್ರಾಂಶ ತಾನಾಗಿ ಕೊಡುವ ಅಂತರ ಸಾಮಾನ್ಯವಾಗಿ ಅಕ್ಷರದ ಗಾತ್ರದ ನೂರಿಪ್ಪತ್ತು ಶೇಕಡಾ. ‘ಲಕ್ಷ್ಮಿ’, ‘ಶಾಸ್ತ್ರಿ’ ಬಂದಲ್ಲಿ ಎರಡೆರಡು ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸನ್ನು ಮುಟ್ಟುತ್ತವೆ. 12 ಪಾಯಿಂಟ್ ಅಕ್ಷರಕ್ಕೆ 17 ಅಥವಾ 18 ಪಾಯಿಂಟ್ ಅಂತರ ಕೊಟ್ಟು, ಮಲಯಾಳಕ್ಕೂ ಅದನ್ನೇ ಇಡಿ. ದಪ್ಪ ಅಕ್ಷರ ಬೇಕಾದರೆ ದಪ್ಪ ರೂಪವೇ ಇರುವ ಫಾಂಟನ್ನು ಹುಡುಕಿ. ‘ಬಿ’ ಗುಂಡಿ ಒತ್ತಿ ತಂತ್ರಾಂಶದಿಂದ ಊದಿಸಿದರೆ ಸಣ್ಣ ಗಾತ್ರದಲ್ಲಿ ಒತ್ತುಗಳ ಒಳಗಿನ ಬಿಳಿಯೆಲ್ಲ ಟೋನರಿನಿಂದ ಮುಚ್ಚಿ, ವಧುವಿನ ಹೆಸರು ಮಸಿಯ ಚುಕ್ಕೆಯಾಗುತ್ತದೆ.