ಡಿಗ್ರಿ ಮುಗಿದಿದೆ, ಇನ್ನು ಟೀಚರ್ ಆಗುವುದು ಹೇಗೆ?

ಪ್ರಶ್ನೆ: ಬಿ.ಎಸ್ಸಿ. (ಪಿಸಿಎಂ) ಆಗಿದೆ, ಶೇ 57 ಅಂಕ. ಮೂರು ವರ್ಷದಿಂದ ಖಾಸಗಿ ಕಂಪನಿಯಲ್ಲಿದ್ದೇನೆ. ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಬೇಕೆಂಬ ಆಸೆ. ಕೆಲಸ ಬಿಡದೆ ಬಿ.ಇಡಿ. ಮಾಡಬಹುದೇ?
– ಓದುಗರು, ಹಾವೇರಿ

ಉತ್ತರ: ಕಾಲೇಜು ಹುಡುಕುವ ಮೊದಲು ಯಾವ ತರಗತಿಗೆ ಪಾಠ ಮಾಡಬೇಕೆಂದು ನಿರ್ಧರಿಸಿ. ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ. 6ರಿಂದ 8ನೇ ತರಗತಿಗೆ ಪದವಿ, ಬಿ.ಇಡಿ. ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಪಾಸಾಗಿರಬೇಕು. ನಮ್ಮ ರಾಜ್ಯದ ಪ್ರೌಢಶಾಲೆಗೆ, ಅಂದರೆ 9 ಮತ್ತು 10ಕ್ಕೆ, ಪದವಿ ಮತ್ತು ಬಿ.ಇಡಿ. ಸಾಕು, ಟಿಇಟಿ ಕೇಳುವುದಿಲ್ಲ. ಎರಡೂ ಬಾಗಿಲು ತೆರೆದಿರಲಿ ಎಂದರೆ ಟಿಇಟಿ ಬರೆದೇ ಬಿಡಿ. ಬಿ.ಇಡಿ. ಓದುತ್ತಿರುವಾಗಲೇ ಬರೆಯಬಹುದು.

ಬಿ.ಇಡಿ. ಈಗ ಎರಡು ವರ್ಷದ ಕೋರ್ಸ್. ಕೆಲಸ ಬಿಡದೆ ಮಾಡುವುದು ಆಗದ ಮಾತು. ತರಗತಿಗಳಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಬೇಕೆಂದು ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರ ನಿಯಮದಲ್ಲೇ ಇದೆ. ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು, ಅದರಲ್ಲಿ 16 ವಾರ ಎರಡನೇ ವರ್ಷಕ್ಕೆ ಬರುತ್ತದೆ. ‘ಫೀಸ್ ಕಟ್ಟಿ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಏಜೆಂಟರನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ. ಕಾಲೇಜಿನ ಎನ್‌ಸಿಟಿಇ ಮಾನ್ಯತೆಯಲ್ಲಿ ತೊಂದರೆಯಿದ್ದರೆ ಅದು ಬಯಲಾಗುವುದು ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ. ಅಷ್ಟರಲ್ಲಿ ಹಣವೂ ಹೋಗಿರುತ್ತದೆ, ಎರಡು ವರ್ಷವೂ ಹೋಗಿರುತ್ತದೆ. ಮಾನ್ಯತೆಯ ಪಟ್ಟಿ ಎನ್‌ಸಿಟಿಇ ಜಾಲತಾಣದಲ್ಲಿದೆ, ನೀವೇ ತೆರೆದು ನೋಡಿ.

ದೂರಶಿಕ್ಷಣದ ಬಿ.ಇಡಿ. ಕೂಡ ನಿಮಗಲ್ಲ. ಅದು ತರಬೇತಿ ಪಡೆದು ಈಗಾಗಲೇ ಶಾಲೆಯಲ್ಲಿ ಕಲಿಸುತ್ತಿರುವವರಿಗೆ, ಇಲ್ಲವೇ ಡಿ.ಇಎಲ್.ಇಡಿ.ಯಂಥ (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಮಾನ್ಯ ಶಿಕ್ಷಕ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ. ನೀವು ಸರ್ಕಾರಿ ಕೋಟಾದ ಸೀಟಿಗೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕಕ್ಕೆ ಆನ್‌ಲೈನ್ ಅರ್ಜಿ ಹಾಕಬೇಕು. ಅಧಿಸೂಚನೆ ಬರುವ ಮೊದಲೇ ಮೂರೂ ವರ್ಷದ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳನ್ನು ಕೈಯಲ್ಲಿಟ್ಟುಕೊಳ್ಳಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯೊಂದೇ ಸಾಲದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಓದಿದ ಶಾಲೆಗಳು ಬೇರೆ ಬೇರೆ ತಾಲ್ಲೂಕಿನಲ್ಲಿದ್ದರೆ ಓಡಾಟಕ್ಕೇ ವಾರ ಹಿಡಿದೀತು.

ಬಿ.ಇಡಿ.ಯಲ್ಲಿ ಬೋಧನಾ ವಿಷಯವಾಗಿ ಗಣಿತ ಮತ್ತು ಭೌತವಿಜ್ಞಾನವನ್ನೇ ಆರಿಸಿಕೊಳ್ಳಿ. ಪದವಿಯ ಐಚ್ಛಿಕ ವಿಷಯ ಒಂದು, ಬಿ.ಇಡಿ. ವಿಷಯ ಇನ್ನೊಂದು ಆದರೆ ಅರ್ಜಿ ತಿರಸ್ಕೃತವಾಗುವ ಅಪಾಯ ಇರುತ್ತದೆ. 6–8ರ ಹುದ್ದೆಗಳಲ್ಲಿ ಗಣಿತ-ವಿಜ್ಞಾನ ಬೇರೆ, ಜೀವವಿಜ್ಞಾನ ಬೇರೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗಲೂ ಹೀಗೇ ಇತ್ತು.

ಪ್ರಶ್ನೆ: ಬಿ.ಕಾಂ.ನಲ್ಲಿ ಶೇ 48 ಬಂದಿದೆ. ಸಾಮಾನ್ಯ ವರ್ಗ. ಶಿಕ್ಷಕಿಯಾಗುವ ದಾರಿಯೇ ಇಲ್ಲವೇ?
– ಓದುಗರು, ಶಿರಸಿ

ಉತ್ತರ: ಇದೆ, ಸ್ವಲ್ಪ ದೂರದ ದಾರಿ. ಬಿ.ಇಡಿ.ಗೆ ಬೇಕಾದ ಶೇ 50 ಪದವಿಯಲ್ಲೇ ಬಂದಿರಬೇಕೆಂದಿಲ್ಲ, ಸ್ನಾತಕೋತ್ತರದಲ್ಲಿ ಬಂದರೂ ನಡೆಯುತ್ತದೆ ಎನ್ನುತ್ತದೆ ಎನ್‌ಸಿಟಿಇ ನಿಯಮ. ನಿಮಗೆ ಎಂ.ಕಾಂ. ಮಾಡುವುದೇ ಒಳ್ಳೆಯದು, ಆದರೆ ಶೇ 50ಕ್ಕೆ ತೃಪ್ತಿಪಡಬೇಡಿ. ಪಿಯು ವಾಣಿಜ್ಯ ಉಪನ್ಯಾಸಕರ ಹುದ್ದೆಗೆ ಎಂ.ಕಾಂ.ನಲ್ಲಿ ಶೇ 55 ಮತ್ತು ಬಿ.ಇಡಿ. ಕೇಳುತ್ತಾರೆ. ಹತ್ತನೇ ತರಗತಿಯವರೆಗೆ ವಾಣಿಜ್ಯ ಪ್ರತ್ಯೇಕ ವಿಷಯವಾಗಿಲ್ಲ, ಸಮಾಜ ವಿಜ್ಞಾನ ಪುಸ್ತಕದೊಳಗೆ ‘ವ್ಯವಹಾರ ಅಧ್ಯಯನ’ ಎಂಬ ಭಾಗವಾಗಿ ಬರುತ್ತದೆ ಅಷ್ಟೆ. ಹಾಗಾಗಿ ನಿಮ್ಮ ಓದಿಗೆ ನಿಜವಾದ ಬೆಲೆ ಇರುವುದು ಪಿಯುನಲ್ಲೇ.

ಪ್ರಶ್ನೆ: ಟಿಇಟಿ ಎರಡನೇ ಪತ್ರಿಕೆಯಲ್ಲಿ ಒಮ್ಮೆ 84, ಇನ್ನೊಮ್ಮೆ 86 ಬಂತು. ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಓದಿದ್ದೇನೆ, ಗಣಿತ ಕೈ ಕೊಡುತ್ತದೆ. ಏನು ಮಾಡಲಿ?
– ಓದುಗರು, ಚಿಂತಾಮಣಿ

ಉತ್ತರ: ನೀವು ದಡದ ಹತ್ತಿರವೇ ಇದ್ದೀರಿ. ಲೆಕ್ಕ ಹೀಗೆ ಹಾಕಿ: ಒಟ್ಟು 150 ಪ್ರಶ್ನೆ, ಎರಡೂವರೆ ಗಂಟೆ, ಪಾಸಾಗಲು ಶೇ 60, ಅಂದರೆ 90 ಅಂಕ. (ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇ 55.) ಮಕ್ಕಳ ವಿಕಾಸ ಮತ್ತು ಬೋಧನಾಶಾಸ್ತ್ರ 30, ಎರಡು ಭಾಷೆ ತಲಾ 30, ಗಣಿತ-ವಿಜ್ಞಾನ 60. ಮೊದಲಿನದರಲ್ಲಿ 21, ಕನ್ನಡದಲ್ಲಿ 24, ಇಂಗ್ಲಿಷಿನಲ್ಲಿ 19 ತೆಗೆದರೆ 64 ಆಯಿತು. ಇನ್ನು ಬೇಕಾದ್ದು 60ಕ್ಕೆ 26. ಅದರಲ್ಲಿ ವಿಜ್ಞಾನವೇ 18 ಕೊಟ್ಟರೆ ಗಣಿತದ 30 ಪ್ರಶ್ನೆಯಲ್ಲಿ 8 ಸಾಕು!

ಗಣಿತಕ್ಕೆ ಹೆದರಿ ತಿಂಗಳುಗಟ್ಟಲೆ ಅದಕ್ಕೇ ಕೂತವರು ಭಾಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಭಾಷಾ ಭಾಗದಲ್ಲಿ ವ್ಯಾಕರಣದಷ್ಟೇ ಗದ್ಯ-ಪದ್ಯ ಗ್ರಹಿಕೆ ಮತ್ತು ಭಾಷೆ ಕಲಿಸುವ ಪದ್ಧತಿಯೂ ಬರುತ್ತದೆ. ಸಂಧಿ-ಸಮಾಸ ಬಾಯಿಪಾಠ ಮಾಡಿದರೆ ಅರ್ಧ ಕೆಲಸ ಮಾತ್ರ ಆದಂತೆ. ವಿಷಯ 6ರಿಂದ 8ನೇ ತರಗತಿಯ ಪಠ್ಯದ್ದೇ, ಕ್ಲಿಷ್ಟತೆ ಮಾತ್ರ ಪಿಯುಸಿ ಮಟ್ಟದವರೆಗೂ ಹೋಗಬಹುದು. ಮೊದಲು ಆ ಮೂರು ಪಠ್ಯಪುಸ್ತಕಗಳ ಅಭ್ಯಾಸ ಲೆಕ್ಕಗಳನ್ನು ಪೂರ್ತಿ ಬಿಡಿಸಿ, ಗೈಡ್ ಆಮೇಲೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಓಎಂಆರ್ ಹಾಳೆಯಲ್ಲಿ ಶೇಡ್ ಮಾಡಲು ಕೊನೆಯ 15 ನಿಮಿಷವನ್ನೇ ನಂಬಿ ಕೂರಬೇಡಿ. ಒಂದು ಸಾಲು ತಪ್ಪಿದರೆ ಕೆಳಗಿನದೆಲ್ಲ ತಪ್ಪುತ್ತದೆ.

ಪ್ರಶ್ನೆ: ಬಿ.ಇಡಿ. ಇರುವವರು 1ರಿಂದ 5ನೇ ತರಗತಿಗೆ ಅರ್ಜಿ ಹಾಕಬಹುದೇ? 2014ರ ಟಿಇಟಿ ಪ್ರಮಾಣಪತ್ರ ಈಗಲೂ ನಡೆಯುತ್ತದೆಯೇ?
– ಓದುಗರು, ರಾಯಚೂರು

ಉತ್ತರ: ಮೊದಲನೆಯದಕ್ಕೆ ಇಲ್ಲ. ಅವಕಾಶ ಕೊಟ್ಟಿದ್ದ 2018ರ ಎನ್‌ಸಿಟಿಇ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಒಪ್ಪಲಿಲ್ಲ. ಪುಟ್ಟ ಮಕ್ಕಳಿಗೆ ಅಕ್ಷರ, ಎಣಿಕೆ ಕಲಿಸುವ ತರಬೇತಿಯೇ ಬೇರೆ, ಅದಕ್ಕೆ ಡಿ.ಇಎಲ್.ಇಡಿ. ಬೇಕು. ಎರಡನೆಯದಕ್ಕೆ ಹೌದು. ಮೊದಲು ಏಳು ವರ್ಷವಿದ್ದ ಅವಧಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಜೀವಿತಾವಧಿಗೆ ವಿಸ್ತರಿಸಿದೆ, 2011ರಿಂದ ಪಡೆದ ಪ್ರಮಾಣಪತ್ರಗಳಿಗೂ ಅದು ಅನ್ವಯಿಸುತ್ತದೆ. ಆದರೂ ಅಂಕ ಕಡಿಮೆಯಿದ್ದರೆ ಮತ್ತೆ ಬರೆಯಿರಿ. ಎಷ್ಟು ಸಲವಾದರೂ ಬರೆಯಬಹುದು, ನಮ್ಮ ರಾಜ್ಯದ 6–8ರ ನೇಮಕಾತಿಯಲ್ಲಿ ಟಿಇಟಿ ಅಂಕಕ್ಕೂ ತೂಕವಿದೆ.